ಹೂಂಗುಟ್ಟುವ ಕೆಲಸ

ಮಾತಾಡದೆ ಕೂರುವ ಕೆಲಸಕ್ಕೆ ಸೇರುತ್ತೇನೆ ಎಂದು ನಾನು ಹೇಳಿದ ದಿನ ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು ನಕ್ಕರು. ನಕ್ಕಿದ್ದಕ್ಕೆ ಅವರನ್ನು ಬೈಯುವ ಹಾಗೂ ಇರಲಿಲ್ಲ. ಚಿಕ್ಕಂದಿನಿಂದ ನನ್ನದು ಅರಳು ಹುರಿದಂಥ ಮಾತು. ಬ್ಯಾಂಕಿನಲ್ಲಿದ್ದಷ್ಟು ವರ್ಷ ಕೌಂಟರಿನ ಮುಂದೆ ನಿಂತವರ ಮನೆಕಥೆಯನ್ನೆಲ್ಲ ಕೇಳಿ, ಕೇಳಿದ್ದಕ್ಕಿಂತ ಹೆಚ್ಚು ಹೇಳಿ ಕಳಿಸಿದವಳು ನಾನು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ ಮೇಲೆ ಆ ಮಾತೆಲ್ಲ ಅವರೊಬ್ಬರ ಮೇಲೆ ಸುರಿಯತೊಡಗಿತು. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುವುದನ್ನು ಕಲಿತರು.

ಮನಸ್ಸು ಕುಗ್ಗಿದವರು ಫೋನ್ ಮಾಡಿ ದುಃಖ ಹೇಳಿಕೊಳ್ಳುವ ಒಂದು ಸಣ್ಣ ಕೇಂದ್ರ ಮದ್ರಾಸಿನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಯಾರದೋ ಹಳೆಯ ಮನೆಯ ಮಹಡಿ ಮೇಲಿನ ಎರಡು ಕೋಣೆ. ಸಂಬಳವಿಲ್ಲ, ಬೋರ್ಡಿಲ್ಲ. ಅದನ್ನು ನಡೆಸುತ್ತಿದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು. ತಮಿಳರು, ತೆಳ್ಳಗೆ ಎತ್ತರ, ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ. ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ತಮಿಳಿನವರಿಗೂ ಅಕ್ಕ, ನನಗೂ ಅಕ್ಕ, ಆ ಮಟ್ಟಿಗೆ ಭಾಷೆಯ ತಕರಾರಿರಲಿಲ್ಲ.

ನಮ್ಮ ತರಬೇತಿಯ ಪಾಠಗಳು ಕೇಳಲು ಸುಲಭ. ಹೆಸರು ಕೇಳಬಾರದು. ಹೊರಗೆ ಭೇಟಿಯಾಗಬಾರದು. ಬುದ್ಧಿ ಹೇಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎದುರಿನವರು ಸುಮ್ಮನಾದರೆ ಆ ಮೌನವನ್ನು ನಮ್ಮ ಮಾತಿನಿಂದ ತುಂಬಬಾರದು. ಈ ಕೊನೆಯದರಲ್ಲಿ ನಾನು ಮತ್ತೆ ಮತ್ತೆ ಫೇಲಾದೆ. ಅಭ್ಯಾಸಕ್ಕೆಂದು ಒಬ್ಬರು ದುಃಖಿತರಂತೆ ನಟಿಸಿದರೆ ನಾನು ಅವರ ಸಮಸ್ಯೆಗೆ ಪರಿಹಾರ ಹೇಳಿ, ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು ಎಂದು ಶುರುಮಾಡುತ್ತಿದ್ದೆ. ಅಕ್ಕ ಕನ್ನಡಕದ ಮೇಲಿಂದ ನೋಡಿ, "ನೀ ಕೊಂಜಂ ವಾಯೆ ಮೂಡು," ಎನ್ನುತ್ತಿದ್ದರು. ಸ್ವಲ್ಪ ಬಾಯಿ ಮುಚ್ಚು ಎಂದು ನನ್ನ ಅಮ್ಮನನ್ನು ಬಿಟ್ಟರೆ ಮುಖಕ್ಕೆ ಹೇಳಿದವರು ಅವರೊಬ್ಬರೇ. ನಾನು ಸಿಟ್ಟು ಮಾಡಿಕೊಂಡು ಮನೆಗೆ ಬರುತ್ತಿದ್ದೆ, ಮರುದಿನ ಮತ್ತೆ ಹೋಗುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಆದರೆ ಅಕ್ಕನ ಕೈಯಲ್ಲಿ ನನ್ನದು ಸುಮಾರಾಗಿ ಹೋಯಿತು. ತುಟಿಯನ್ನು ಹಲ್ಲಿನಲ್ಲಿ ಹಿಡಿದು ಕೂರುವುದನ್ನು ಕಲಿತೆ.

ಫೋನಿನಲ್ಲಿ ಮೌನದ ಕರೆಗಳು ಬರುತ್ತಿದ್ದವು. ಎತ್ತಿದರೆ ಯಾರೂ ಮಾತಾಡುವುದಿಲ್ಲ, ಉಸಿರು ಮಾತ್ರ. ನಾವು ತಮಿಳಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, "ನಿಧಾನವಾಗಿ ಹೇಳಿ, ಇಲ್ಲೇ ಇದ್ದೇವೆ," ಎಂದು ಹೇಳಿ ಕಾಯುತ್ತಿದ್ದೆವು. ನಾವಾಗಿ ಫೋನ್ ಇಡಬಾರದು ಎಂಬುದು ಅಕ್ಕನ ಕಟ್ಟಳೆ. ಆ ಕರೆಗಳಲ್ಲಿ ಒಂದು ನನಗೆ ಗುರುತಾಗಿಬಿಟ್ಟಿತ್ತು. ಹಿಂದೆ ಬಸ್ಸಿನ ಹಾರ್ನು, ಹತ್ತಿರದಲ್ಲಿ ಬೆರಳ ಗೆಣ್ಣಿನಿಂದ ಮರದ ಹಲಗೆಗೆ ಬಡಿದಂಥ ಟಕ್ ಟಕ್ ಸದ್ದು. ಆಮೇಲೆ ಲೈನು ಕಟ್ಟಾಗುತ್ತಿತ್ತು. ಯಾರೋ ತಮಾಷೆಗೆ ಮಾಡುತ್ತಾರೆ ಎಂದು ನಾನಂದರೆ ಅಕ್ಕ ಒಪ್ಪುತ್ತಿರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಆಗಷ್ಟೇ ಹೊಸ ಶತಮಾನ ಶುರುವಾಗಿತ್ತು. ಬೀದಿಗೊಂದು ಬ್ರೌಸಿಂಗ್ ಸೆಂಟರು, ಪ್ಲೈವುಡ್ ಹಲಗೆ ಹೊಡೆದು ಮಾಡಿದ ಗೂಡುಗಳಲ್ಲಿ ಜನ ಕೂತು ಯಾರ ಯಾರ ಜೊತೆಗೋ ಚಾಟ್ ಮಾಡುವ ಕಾಲ. ಬಾಯಲ್ಲಿ ಹೇಳಲಾಗದ್ದನ್ನು ಬೆರಳಲ್ಲಿ ಹೇಳುವವರಿರಬಹುದು ಎಂದು ಅಕ್ಕನಿಗೆ ಹೊಳೆಯಿತು. ಕೇಂದ್ರದ ವೆಬ್‌ಸೈಟಿನಲ್ಲಿ ಒಂದು ಕಿಟಕಿ ತೆರೆಸಿದರು. ಮಧ್ಯಾಹ್ನ ಊಟದ ಮೇಲೆ ಸ್ವಲ್ಪ ಹೊತ್ತು ಅಲ್ಲಿ ಯಾರು ಬೇಕಾದರೂ ಬರೆಯಬಹುದು. ನನಗೆ ಟೈಪಿಂಗ್ ಚೆನ್ನಾಗಿ ಬರುತ್ತಿತ್ತು, ಹಾಗಾಗಿ ಅಲ್ಲಿ ಕೂರಿಸಿದರು. ಮೋಡೆಮ್ ಕಿರುಚಿ, ಕೆಮ್ಮಿ ಕನೆಕ್ಷನ್ ಸಿಕ್ಕುವಷ್ಟರಲ್ಲಿ ಅಕ್ಕ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಪರೀಕ್ಷೆಯಲ್ಲಿ ನಪಾಸಾದದ್ದನ್ನು ಮನೆಯಲ್ಲಿ ಹೇಳಲಾಗದ ಹುಡುಗಿ ಬಂದಳು. ಸೊಸೆ ಮೇಲಿನ ಸಿಟ್ಟನ್ನೆಲ್ಲ ದೊಡ್ಡಕ್ಷರದಲ್ಲೇ ಬರೆಯುವ ಅತ್ತೆಯೊಬ್ಬರು ಬಂದರು. ಒಂದು ಶನಿವಾರ, ಇಂಗ್ಲಿಷ್ ಅಕ್ಷರಗಳಲ್ಲಿ, ಧಾರವಾಡದ ಕಡೆಯ ಕನ್ನಡ ಬಂತು.

"ಅಲ್ಲಿ ಕನ್ನಡ ತಿಳಿಯೋರು ಯಾರರ ಅದಾರೇನ್ರಿ?"

ಮದ್ರಾಸಿನಲ್ಲೇ ಹುಟ್ಟಿ ಬೆಳೆದ ನನಗೆ ಮನೆಯ ಹೊರಗೆ ಕನ್ನಡ ಸಿಕ್ಕರೆ ಪಾಯಸ ಸಿಕ್ಕಿದಷ್ಟು ಖುಷಿ. ಇದ್ದೇನೆ, ಹೇಳಿ ಎಂದು ಟೈಪು ಮಾಡಿ, ಕಲಿತ ವಿದ್ಯೆಯಂತೆ ಕೈಕಟ್ಟಿ ಕೂತೆ.

"ನಾ ಒಂದು ಮದಿವಿ ವಿಷ್ಯದಾಗ ಸಿಕ್ಕೊಂಡೀನ್ರಿ," ಎಂದು ಬಂತು. ನಾನು ಸುಮ್ಮನಿದ್ದೆ. ಅಕ್ಕ ಮೆಚ್ಚಿ ತಲೆಯಾಡಿಸಿದರು. "ಯಾರಿಗೂ ಹೇಳಾಕ ಆಗಿಲ್ಲ." ನಾನು ಇನ್ನೂ ಸುಮ್ಮನಿದ್ದೆ. ಬಹಳ ಹೊತ್ತಾದ ಮೇಲೆ, "ಅದೀರೇನ್ರಿ?" ಎಂದು ಬಂತು. ಇದ್ದೇನೆ ಎಂದು ನಾನು ಕಳಿಸಿದ್ದು ಆ ಕನೆಕ್ಷನ್ನಿನಲ್ಲಿ ತೆವಳಿಕೊಂಡು ಹೋಗುವಷ್ಟರಲ್ಲಿ ಆತ ಎದ್ದು ಹೋಗಿದ್ದ.

ಮುಂದಿನ ಶನಿವಾರವೂ ಬಂದ. ಅವಸರ ಮಾಡಬಾರದೆಂದು ನಾನು ಇನ್ನಷ್ಟು ಹೊತ್ತು ಸುಮ್ಮನಿದ್ದೆ. ಆತ ಒಂದೆರಡು ಸಾಲು ಬರೆದು, "ಇರ್ಲಿ ಬಿಡ್ರಿ," ಎಂದು ಹೋಗಿಬಿಟ್ಟ. ಪಾಪ, ಇನ್ನೂ ಧೈರ್ಯ ಬಂದಿಲ್ಲ ಎಂದು ಅಕ್ಕನೂ ನಾನೂ ಮಾತಾಡಿಕೊಂಡೆವು. ತಪ್ಪು ನಮ್ಮದೇ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆಸಿದ್ದು ನನ್ನ ಅಮ್ಮ. ಅವಳು ಆಗ ನಮ್ಮ ಜೊತೆಗೇ ಇದ್ದಳು. ಕೋಯಂಬೇಡು ಮಾರುಕಟ್ಟೆಯಿಂದ ನಮ್ಮ ಯಜಮಾನರು ಒಂದು ಚೀಲ ಅವರೆಕಾಯಿ ತಂದಿದ್ದರು. ಇಲ್ಲಿಯವರಿಗೆ ಅದು ಮೊಚ್ಚೆ, ನಮ್ಮ ಮನೆಯಲ್ಲಿ ಮಾತ್ರ ಅವರೆಕಾಯಿ. ಅದರಲ್ಲಿ ಅಮ್ಮ ರಾಜಿ ಮಾಡಿಕೊಳ್ಳುತ್ತಿರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಕಾಳು ಬಿಡಿಸುತ್ತಿದ್ದೆವು. ಅಮ್ಮ ತನ್ನ ಮದುವೆಯಲ್ಲಿ ಬೀಗರು ಮುನಿಸಿಕೊಂಡ ಕಥೆಯನ್ನು, ನಾನು ಹುಟ್ಟಿದಾಗಿನಿಂದ ಕೇಳಿದ್ದನ್ನೇ, ಮತ್ತೆ ಹೇಳುತ್ತಿದ್ದಳು. ನನಗೆ ಆ ಶನಿವಾರದವನದೇ ಯೋಚನೆ. ಅಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ನನ್ನ ಮೇಲೆ ಎಸೆದಳು.

"ಏನೇ, ನಾನು ಯಾರ ಹತ್ರ ಪೇಸ್ತಿದೀನಿ? ಸುವರಿನ ಹತ್ರಾನಾ? ಹೂಂ ಅನ್ನೇ!" ಎಂದಳು, ಗೋಡೆಯ ಹತ್ತಿರ ಮಾತಾಡುತ್ತಿದ್ದೇನಾ ಎಂದು, ತನ್ನ ತಮಿಳು ಬೆರೆತ ಕನ್ನಡದಲ್ಲಿ.

"ಕೇಳ್ತಾ ಇದೀನಲ್ಲಮ್ಮ."

"ಕೇಳ್ತಿದೀಯ ಅಂತ ನಂಗೆ ಎಪ್ಪಡಿ ತಿಳೀಬೇಕು? ಹೂಂ ಅಂದ್ರೆ ತಾನೇ ಕಥೆ ಮುಂದಕ್ಕೆ ಹೋಗೋದು. ನೀವು ಹೂಂ ಅನ್ನದಿದ್ರೆ ನಿಮ್ಮಜ್ಜಿ ರಾಜಕುಮಾರನ್ನ ಕಾಡಲ್ಲೇ ಬಿಟ್ಟು ಎದ್ದು ಹೋಗ್ತಿದ್ರು, ಮರ್ತೋಯ್ತಾ?"

ಮರೆತಿರಲಿಲ್ಲ. ತ್ರಿಪ್ಲಿಕೇನಿನ ಹಳೆಯ ಮನೆಯ ಜಗಲಿಯಲ್ಲಿ ಮೊಮ್ಮಕ್ಕಳನ್ನು ಸಾಲಾಗಿ ಮಲಗಿಸಿಕೊಂಡು ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವುದಕ್ಕೆಂದೇ ಒಬ್ಬರನ್ನು ನೇಮಿಸುತ್ತಿದ್ದರು. ಆ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತಿತ್ತು, ನಿದ್ದೆ ಬಾರದವಳು ನಾನೊಬ್ಬಳೇ ಎಂದು. ಕಾಳಿನ ಬುಟ್ಟಿಯ ಮುಂದೆ ಕೂತಲ್ಲೇ ನನಗೆ ಎಲ್ಲ ಅರ್ಥವಾಯಿತು. ಫೋನಿನಲ್ಲಿ ನಾವು ಸುಮ್ಮನಿದ್ದರೂ ನಮ್ಮ ಉಸಿರು ಕೇಳುತ್ತದೆ, ಕುರ್ಚಿ ಕಿರುಗುಟ್ಟುವುದು ಕೇಳುತ್ತದೆ. ಪರದೆಯ ಮೇಲೆ ಸುಮ್ಮನಿದ್ದರೆ ಏನೂ ಇಲ್ಲ. ಆತ ಎರಡು ಶನಿವಾರ ಗೋಡೆಯ ಜೊತೆ ಮಾತಾಡಿ ಹೋಗಿದ್ದ. ನನಗೆ ಅಳು ಬಂದಷ್ಟಾಯಿತು. ಅಮ್ಮನ ಕಥೆಗೆ ಕೊನೆಯವರೆಗೂ ಹೂಂಗುಟ್ಟಿದೆ.

ಮುಂದಿನ ಶನಿವಾರ ಆತ ಬರುತ್ತಾನೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಬಂದ. ಮೊದಲ ಸಾಲು ಬರುತ್ತಲೇ ಒಂದೇ ಪದ ಕಳಿಸಿದೆ: ಹೂಂ. ಇನ್ನೊಂದು ಸಾಲು ಬಂತು. ಹೂಂ. ಮತ್ತೆ ಒಂದು. ಹೂಂ.

"ಇದೆನ್ನ ಎಳುದರೇ?" ಎಂದು ಅಕ್ಕ ಗಾಬರಿಯಾದರು, ಇದೇನು ಬರೆಯುತ್ತಿದ್ದೀಯ ಎಂದು. ನಾನು ವಿವರಿಸಿದೆ. ಅವರ ಮುಖ ಒಂದು ಕ್ಷಣ ಪುಟ್ಟ ಹುಡುಗಿಯದಾಯಿತು. ಅವರ ಪಾಟಿಯೂ, ಅಂದರೆ ಅಜ್ಜಿಯೂ, ಹಾಗೇ ಅಂತೆ. 'ಉಂ' ಎನ್ನದ ಮಕ್ಕಳಿಗೆ ಅವರ ಮನೆಯಲ್ಲೂ ಕಥೆಯಿಲ್ಲವಂತೆ. ಅದನ್ನು ಉಂ ಕೊಟ್ಟುವುದು ಎನ್ನುತ್ತಾರಂತೆ. "ಸರಿ, ಕೊಟ್ಟು," ಎಂದರು ಅಕ್ಕ.

ಆತ ಅಂದು ಎಲ್ಲ ಹೇಳಿದ. ರೈಲ್ವೆಯಲ್ಲಿ ಕೆಲಸ. ತ್ರಿಪ್ಲಿಕೇನಿನ ಮ್ಯಾನ್ಷನ್ನೊಂದರಲ್ಲಿ, ಅಂದರೆ ಒಂಟಿ ಗಂಡಸರು ಬಾಡಿಗೆಗಿರುವ ಲಾಡ್ಜಿನಲ್ಲಿ, ವಾಸ. ಗದಗಿನ ಕಡೆಯ ಹುಡುಗಿಯ ಜೊತೆ ಮದುವೆ ನಿಶ್ಚಯವಾಗಿತ್ತು. ಆತನಿಗೆ ಮಾತು ತೊದಲುತ್ತದೆ. ತೊದಲುವುದೆಂದರೆ ಸ್ವಲ್ಪ ಅಲ್ಲ, ಕೆಲವು ಮಾತು ಹೊರಗೇ ಬರುವುದಿಲ್ಲ.

"ಹೆಣ್ಣು ನೋಡಾಕ ಹೋದಾಗ ನಮ್ಮ ಸೋದರಮಾವನ ಎಲ್ಲಾ ಮಾತಾಡಿದ್ನರಿ. ಹುಡುಗ ಬಾಳ ಮಿತಭಾಷಿ ಅಂದ. ಅವರಪ್ಪ ಖುಷಿಯಾಗಿ, ಮಾತು ಬೆಳ್ಳಿ ಮೌನ ಬಂಗಾರ ಅಂದ್ರು. ನಾ ನಕ್ಕೋತ ಕುಂತಿದ್ದೆ. ಆಕಿ ಚಾ ಕೊಡುವಾಗ ನನ್ನ ಹೆಸ್ರು ಕೇಳಿದ್ಲು. ಅದನ್ನೂ ಮಾವನ ಹೇಳಿದ."

ಹೂಂ, ಎಂದೆ.

"ನನ್ನ ಬಾಯಾಗ ಬರದ ಮಾತಂದ್ರ ನನ್ನ ಹೆಸ್ರ ಐತ್ರಿ."

ಈಗ ಹುಡುಗಿ ಪ್ರತಿ ಭಾನುವಾರ ಮ್ಯಾನ್ಷನ್ನಿನ ಆಫೀಸಿಗೆ ಫೋನ್ ಮಾಡುತ್ತಾಳೆ. ಮ್ಯಾನೇಜರು ಮೆಟ್ಟಿಲ ಬುಡದಿಂದ ಕೂಗುತ್ತಾನೆ. ಈತ ರೂಮಿನ ಬಾಗಿಲು ಹಾಕಿಕೊಂಡು ಇಲ್ಲದವನಂತೆ ಕೂರುತ್ತಾನೆ. ಹುಡುಗನಿಗೆ ನಾನು ಇಷ್ಟವಿಲ್ಲವೇನೋ, ಹಾಗಿದ್ದರೆ ಈಗಲೇ ಬಿಟ್ಟುಬಿಡೋಣ ಎಂದು ಆಕೆ ತನ್ನ ತಂದೆಗೆ ಹೇಳಿದ್ದಾಳಂತೆ. ಅದು ಮಾವನ ಕಿವಿಗೆ ಬಿದ್ದು, ಮಾವ ಈತನಿಗೆ ಕಾಗದ ಬರೆದಿದ್ದ. ತಾಳಿ ಕಟ್ಟುವವರೆಗೂ ಏನೂ ಹೇಳಬೇಡ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು.

"ಆಕಿನ್ನ ನೋಡಿದ್ರ ಬಾಳ ಪಸಂದ ಅನಸ್ತದ. ಮೋಸ ಮಾಡಾಕ ಮನಸ್ಸಿಲ್ರಿ. ಹೇಳಾಕ ಬಾಯಿಲ್ರಿ. ಇದಕ್ಕಿಂತ ಸತ್ತರ ಚಲೋ."

ಇಂಥ ಮಾತು ಬಂದರೆ ಕೇಳಿಸದಂತೆ ದಾಟಿಸಬಾರದು, ನೇರವಾಗಿ ಕೇಳಬೇಕು ಎಂಬುದೂ ನಮ್ಮ ಪಾಠ. ಅಕ್ಕನಿಗೆ ತಮಿಳಿನಲ್ಲಿ ಹೇಳಿ, ಸಾಯಬೇಕು ಅನಿಸುತ್ತದೆಯೇ ಎಂದು ಟೈಪು ಮಾಡಿದೆ. ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು.

"ಒಮ್ಮೊಮ್ಮೆ ಅನಸ್ತೈತ್ರಿ," ಎಂದು ನಿಧಾನಕ್ಕೆ ಬಂತು. "ಆದ್ರ ಹಂಗೇನು ಮಾಡ್ಕೊಳ್ಳಂಗಿಲ್ಲ. ಅನಸೋದು ಯಾರರ ಕೇಳಿದ್ರಲ್ಲ, ಈಗ ಸ್ವಲ್ಪ ಹಗುರ ಆತು."

ಆ ಮಾತನ್ನು ನಾವು ಅಲ್ಲಿಗೇ ಬಿಡಲಿಲ್ಲ. ಆಮೇಲೆ ಆತ ಬಂದಾಗಲೆಲ್ಲ ಅದನ್ನು ಮೊದಲು ಕೇಳುತ್ತಿದ್ದೆ. ಉತ್ತರ ಬರುವವರೆಗೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ನನ್ನ ಒಳಗಿನ ಬಾಯಿಬಡುಕಿ ಸುಮ್ಮನಿರಬೇಕಲ್ಲ! ಹೋಗಿ ಹೇಳಪ್ಪ ಆ ಹುಡುಗಿಗೆ, ಆ ನಿನ್ನ ಮಾವನ ಮಾತು ಕೇಳಬೇಡ ಎಂದು ಒಂದು ದಿನ ಅರ್ಧ ಟೈಪು ಮಾಡಿಯೂ ಬಿಟ್ಟಿದ್ದೆ. ಕನ್ನಡ ಬಾರದ ಅಕ್ಕನಿಗೆ ನನ್ನ ಬೆರಳಿನ ರಭಸದಿಂದಲೇ ಗೊತ್ತಾಯಿತು. ಕೀಬೋರ್ಡಿನ ಮೇಲೆ ಅಂಗೈ ಇಟ್ಟು, "ಅವನ್ ಸೊಲ್ಲಟ್ಟುಂ," ಎಂದರು. ಅವನೇ ಹೇಳಲಿ. ನಾನು ಎಲ್ಲ ಅಳಿಸಿ, ನಿಮಗೆ ಏನು ಮಾಡಬೇಕು ಅನಿಸುತ್ತದೆ ಎಂದು ಕೇಳಿದೆ. ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ ಎಂದ. ಎಲ್ಲರೂ ಆತನ ಮಾತನ್ನು ತಾವೇ ಮುಗಿಸಿ ಕೊಡುತ್ತಿದ್ದರು, ಇಲ್ಲವೇ ಗಡಿಯಾರ ನೋಡುತ್ತಿದ್ದರು.

ಹಾಗೆ ಒಂದು ಶನಿವಾರ ಆತನೇ ಬರೆದ. "ಆಕಿಗೆ ನಾನ ಹೇಳ್ತೀನ್ರಿ. ಫೋನ್ನಾಗ. ಆದ್ರ ಮೊದಲು ಒಮ್ಮೆ ಬ್ಯಾರೆ ಯಾರಿಗರ ಹೇಳಿ ನೋಡಬೇಕು. ನಿಮ್ಮಲ್ಲಿ ಫೋನ್ ಮಾಡಿದ್ದೆ ಮೊದಲು, ಬಾಳ ಸಲ. ತಮಿಳ್ನಾಗ ಹಲೋ ಅಂತಿದ್ರಿ, ಇಂಗ್ಲಿಷ್‌ನಾಗ ಅಂತಿದ್ರಿ. ನಂದು ಕನ್ನಡದಾಗ ಬರೋದ ಕಷ್ಟ, ಇನ್ನ ಅದ್ರಾಗ ಎಲ್ಲಿಂದ ಬರ್ಬೇಕು. ನೀವ ಫೋನ್ ತಗೊಂಡ್ರ ಮಾಡ್ತೀನಿ."

ಹಲಗೆ ಬಡಿಯುವ ಆ ಟಕ್ ಟಕ್ ನನಗೆ ತಕ್ಷಣ ನೆನಪಾಯಿತು. ಸಿಕ್ಕಿಕೊಂಡ ಮಾತನ್ನು ಹೊರಡಿಸಲು ಬಡಿಯುತ್ತಿದ್ದವನು ಈತನೇ. ಅಕ್ಕನಿಗೆ ಹೇಳಿದೆ. ಇಂಥವರೇ ಫೋನ್ ತೆಗೆದುಕೊಳ್ಳುತ್ತಾರೆ ಎಂದು ನಮ್ಮಲ್ಲಿ ಯಾರಿಗೂ ಮಾತು ಕೊಡುವಂತಿರಲಿಲ್ಲ. ಒಬ್ಬರಿಗೆ ಅಂಟಿಕೊಂಡರೆ ಅವರಿಲ್ಲದ ದಿನ ಕಷ್ಟ ಎಂಬ ಕಾರಣಕ್ಕೆ ಮಾಡಿದ ಕಟ್ಟಳೆ, ಮಾಡಿದವರು ಅಕ್ಕನೇ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಗೋಡೆಯ ಮೇಲಿನ ಡ್ಯೂಟಿ ಹಾಳೆಯಲ್ಲಿ ಮುಂದಿನ ಶನಿವಾರ ಫೋನಿಗೆ ತಮ್ಮ ಹೆಸರಿದ್ದಲ್ಲಿ ನನ್ನ ಹೆಸರು ಬರೆದರು. ತಮಗೆ ಬೆಸೆಂಟ್ ನಗರದಲ್ಲಿ ತಂಗಿಯ ಮನೆಗೆ ಹೋಗುವುದಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಶನಿವಾರ ಅವರು ಎಲ್ಲಿಗೂ ಹೋಗಲಿಲ್ಲ, ಪಕ್ಕದ ಕೋಣೆಯಲ್ಲಿ ಕೂತಿದ್ದರು.

ಫೋನ್ ಬಂತು. ಎತ್ತಿ, "ಹೇಳಿ, ಕೇಳ್ತಾ ಇದೀನಿ," ಎಂದು ಕನ್ನಡದಲ್ಲೇ ಅಂದೆ. ಬಸ್ಸಿನ ಹಾರ್ನು. ಉಸಿರು. ಟಕ್ ಟಕ್.

"ಹೂಂ," ಎಂದೆ.

ಒಂದು ಅಕ್ಷರ ಬಂತು, ಅಲ್ಲೇ ಸಿಕ್ಕಿಹಾಕಿಕೊಂಡಿತು. ಮತ್ತೆ ಅದೇ ಅಕ್ಷರ. ಅದು ಯಾವ ಹೆಸರಿನ ಮೊದಲಿರಬೇಕೆಂದು ನನಗೆ ಊಹೆಯೂ ಹೊಳೆಯಿತು. ಮುಗಿಸಿ ಕೊಟ್ಟುಬಿಡೋಣ ಎಂದು ನಾಲಿಗೆ ತುರಿಸಿತು. ತುಟಿ ಕಚ್ಚಿಕೊಂಡೆ. ಹೂಂ ಎಂದೆ. ಹಲಗೆಯ ಸದ್ದು ಜೋರಾಯಿತು, ನಿಂತಿತು. ಆತ ತನ್ನ ಹೆಸರು ಹೇಳಿದ. ಪೂರ್ತಿಯಾಗಿ, ಕೊನೆಯ ಅಕ್ಷರದವರೆಗೂ. ನಮ್ಮಲ್ಲಿ ಹೆಸರು ಕೇಳುವ ಪದ್ಧತಿಯಿಲ್ಲ, ಕೊಟ್ಟರೆ ಬೇಡ ಎನ್ನುವ ಪದ್ಧತಿಯೂ ಇಲ್ಲ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆತನಿಗೆ ಎಷ್ಟು ಕಷ್ಟಪಟ್ಟು ಸಿಕ್ಕಿದ್ದೆಂದು ನಾನು ಬಲ್ಲೆ.

"ಹೂಂ. ಹೇಳಿ," ಎಂದೆ. ಆತ ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ಆಮೇಲೆ ಹುಡುಗಿಗೆ ಹೇಳಬೇಕಾದ್ದನ್ನು ನನಗೆ ಒಂದೊಂದೇ ಮಾತಾಗಿ ಹೇಳಿದ. ಸುಮಾರು ಹೊತ್ತು ಹಿಡಿಯಿತು. ನಾನು ಗಡಿಯಾರದ ಕಡೆ ನೋಡಲಿಲ್ಲ.

ಮರುದಿನ ಭಾನುವಾರ, ಆ ಹುಡುಗಿ ಫೋನ್ ಮಾಡುವ ದಿನ. ಮನೆಯಲ್ಲಿ ನಾನು ಮಾಡಿದ ಸಾರಿಗೆ ಉಪ್ಪು ಹಾಕಿರಲಿಲ್ಲ. ಆ ವಾರವೆಲ್ಲ ಸಿಡಿಸಿಡಿ ಎನ್ನುತ್ತಿದ್ದೆ. ಏನು ಸಮಾಚಾರ ಎಂದು ನಮ್ಮ ಯಜಮಾನರು ಕೇಳಿದರೆ ಹೇಳುವ ಹಾಗಿಲ್ಲ, ಕೇಂದ್ರದ ಮಾತು ಮನೆಗೆ ತರುವಂತಿಲ್ಲ. ಮಾತಿಲ್ಲದೆ ಮುಖ ಊದಿಸಿಕೊಂಡು ಓಡಾಡುವ ಹೆಂಡತಿಯನ್ನು ನೋಡಿ ಅವರು ಹೆದರಿದರು, ಡಾಕ್ಟರ ಹತ್ತಿರ ಹೋಗೋಣವೇ ಎಂದರು.

ಶನಿವಾರ ಅಕ್ಕ ನನಗಿಂತ ಮೊದಲೇ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ಮೋಡೆಮ್ ಕಿರುಚಿತು, ಕೆಮ್ಮಿತು. ಆತ ಬಂದ. ಎಂದಿನಂತೆ ಮೊದಲ ಪ್ರಶ್ನೆ ಕೇಳಿದೆ. "ಇಲ್ರಿ, ಈ ವಾರ ಹಂಗ ಅನಸ್ಲಿಲ್ಲ," ಎಂದ. ಹೂಂ ಎಂದೆ.

"ಮ್ಯಾನೇಜರ್ ಕರದಾಗ ಕೆಳಗ ಹೋದೆ. ಎಲ್ಲಾರೂ ನೋಡಾಕತ್ತಿದ್ರು. ಆಕಿ ಹಲೋ ಅಂದ್ಲು. ನಾ ಹೆಸ್ರು ಹೇಳಾಕ ಹೋಗಿ ಸಿಕ್ಕೊಂಡೆ. ಬಾಳ ಹೊತ್ತು. ಆಕಿ ಇಟ್ಟ ಬಿಡ್ತಾಳ ಅನಕೊಂಡೆ. ಇಡಲಿಲ್ರಿ."

ಹೂಂ.

"ನಾ ತೊದಲ್ತೀನಿ, ಮಾವ ಮುಚ್ಚಿಟ್ಟ, ನಾನೂ ಮುಚ್ಚಿಟ್ಟೆ, ನಿನಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ನು ಅಂದೆ. ಇಷ್ಟು ಹೇಳಾಕ ಎಷ್ಟೊತ್ತಾತೋ ದೇವರಿಗೆ ಗೊತ್ತು. ಆಕಿ ನಡುವ ಒಂದು ಮಾತು ಆಡ್ಲಿಲ್ಲ. ಹೂಂ ಅನ್ಕೋತ ಇದ್ಲು. ನಿಮ್ಮಂಗ."

ನಾನು ಹೂಂ ಎಂದು ಕಳಿಸಲು ಹೋದೆ, ಕೀಗಳು ಕಾಣಿಸಲಿಲ್ಲ.

"ಕಡೀಕ ಕೇಳಿದ್ಲು, ಮುಗೀತೇನ್ರಿ, ಇನ್ನ ಹೇಳೋದೈತೇನ್ರಿ ಅಂತ. ಇನ್ನೂ ಬಾಳ ಐತಿ ಅಂದೆ. ಹೇಳ್ರಿ ಮತ್ತ, ನನಗೇನು ಅವಸರ ಐತಿ, ಜೀವನ ಪೂರ್ತಿ ಐತಿ ಅಂದ್ಲು."

"ಎನ್ನ ಸೊಲ್ರಾನ್?" ಎಂದು ಅಕ್ಕ ಕೇಳಿದರು. ಏನು ಹೇಳುತ್ತಿದ್ದಾನೆ ಎಂದು.

ತಮಿಳು ನನಗೆ ತಾಯಿಯ ಹಾಲಿನ ಜೊತೆಗೇ ಬಂದದ್ದು. ಆದರೂ ಒಂದು ಮಾತೂ ಹೊರಡಲಿಲ್ಲ. ಅವಳ್ ಎಂದು ಶುರುಮಾಡಿದೆ, ಅಲ್ಲೇ ನಿಂತೆ. ಮತ್ತೆ ಅವಳ್ ಎಂದೆ. ಕಣ್ಣಿನಿಂದ ಮೂಗಿನಿಂದ ನೀರು ಸುರಿಯುತ್ತಿತ್ತು. ಅರಳು ಹುರಿದ ಹಾಗೆ ಮಾತಾಡುವವಳು ಒಂದು ಪದಕ್ಕಾಗಿ ಮೇಜಿನ ಅಂಚು ಹಿಡಿದು ಕೂತಿದ್ದೆ.

ಅಕ್ಕ ಏನೂ ಕೇಳಲಿಲ್ಲ. ಊಹಿಸಿ ಹೇಳಲೂ ಹೋಗಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, "ಉಂ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಉಂ," ಎಂದರು. ನಾನು ಹೇಳಿ ಮುಗಿಸುವವರೆಗೂ ಹಾಗೇ ಕೂತಿದ್ದರು.